ಕಬ್ಬಿಣದ ಕೈ ಸಾಕಿದ ಯಜಮಾನರು

ಯಜಮಾನರ ಶಿವಗಣಾರಾಧನೆಯ ದಿನ, ಊಟಕ್ಕೆ ಮೊದಲು ಯಾರೋ ನನ್ನ ಕೈಗೆ ಮೈಕು ಕೊಟ್ಟರು. "ಈಗ ನಮ್ಮ ರೋಬೋಟ್ ಇಂಜಿನಿಯರ್ರು ಎರಡು ಮಾತಾಡ್ತಾರೆ" ಎಂದು ಕೂಗಿಯೂ ಆಯಿತು. ತಿಪಟೂರಿನಲ್ಲಿ ನನ್ನನ್ನು ಹಾಗೆ ಕರೆಯುವವರು ಈಗಲೂ ನಾಲ್ಕಾರು ಜನ ಇದ್ದಾರೆ. ಅವರಲ್ಲಿ ಅರ್ಧ ಜನ ಗೇಲಿಗೆ ಕರೆಯುತ್ತಾರೆ, ಇನ್ನರ್ಧ ಜನರಿಗೆ ನನ್ನ ಹೆಸರು ಮರೆತುಹೋಗಿದೆ. ನಾನು ಗಂಟಲು ಸರಿಮಾಡಿಕೊಂಡು ಶುರು ಹಚ್ಚಿದೆ. ನಾನು ಡಿಪ್ಲೊಮಾ ಓದಿದ್ದು, ನಾನು ಬೆಂಗಳೂರಿನ ವಸ್ತುಪ್ರದರ್ಶನದಲ್ಲಿ ರೋಬೋಟು ನೋಡಿದ್ದು, ನಾನು ಲಾರಿ ಗುಜರಿಯಿಂದ ಕಬ್ಬಿಣದ ಕೈ ಮಾಡಿದ್ದು. ಅಡುಗೆಯವರು ಎರಡು ಸಲ ಬಂದು ಇಣುಕಿ ಹೋದರೂ ಬಿಡಲಿಲ್ಲ. ಕೊನೆಗೆ ಪಂಕ್ತಿಯಲ್ಲಿ ಬಂದು ಕೂತಾಗ ನನ್ನ ಹೆಂಡತಿ ಎಲೆಗೆ ನೀರು ಚಿಮುಕಿಸುತ್ತಾ ಮೆಲ್ಲಗೆ ಕೇಳಿದಳು:

"ಅಲ್ಲಾ ರೀ, ತೀರ್ಕೊಂಡಿದ್ದು ಅವರೋ, ನೀವೋ?"

ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ. ಈ ಸಲವೂ ನಡುನಡುವೆ ನಾನು ನುಗ್ಗದೆ ಇರುವುದಿಲ್ಲ, ಅದು ಹುಟ್ಟುಗುಣ. ಆದಷ್ಟೂ ಅವರನ್ನು ಮುಂದೆ ಕೂರಿಸಿ ನಾನು ಹಿಂದೆ ನಿಲ್ಲಲು ನೋಡುತ್ತೇನೆ.

ಎಲ್ಲರಿಗೂ ಅವರು ಯಜಮಾನರು. ಕುಳ್ಳಗಿನ ಆಳು, ಹಣೆಯಲ್ಲಿ ವಿಭೂತಿ, ಹೆಗಲ ಮೇಲೆ ಟವಲು, ಬಿಳಿ ಅಂಗಿಯ ಮೇಲೆ ಎಣ್ಣೆಯ ಕಲೆ. ಅವರದು ಕೊಬ್ಬರಿ ಮಂಡಿಯ ಮನೆತನ. ಅಣ್ಣ ಮಂಡಿಯಲ್ಲಿ ಕೂತರೆ ಇವರು ಅದನ್ನು ಬಿಟ್ಟು ಊರಾಚೆ ಇದ್ದ ಮನೆತನದ ಶೆಡ್ಡಿನಲ್ಲಿ ಎರಡು ಪ್ರೆಸ್ಸು ಹಾಕಿಕೊಂಡು, ಡಬ್ಬದ ಮುಚ್ಚಳ, ಕಾಯಿ ತುರಿಯುವ ಮಣೆಯ ಹಲ್ಲು ಇಂಥವನ್ನು ತಗಡಿನಲ್ಲಿ ಒತ್ತಿ ತೆಗೆಯುತ್ತಿದ್ದರು. ಕೊಬ್ಬರಿ ಮುಟ್ಟಿದರೆ ಕಾಸಾಗುವ ಊರಿನಲ್ಲಿ ತಗಡು ಬಡಿಯುವುದು ಏನು ಕರ್ಮ ಎಂದು ನೆಂಟರಿಷ್ಟರೆಲ್ಲ ಆಡಿಕೊಂಡಿದ್ದರಂತೆ. ಅವರು ಮಾತ್ರ "ಕಾಯಿ ಕೊಬ್ಬರಿ ಆಗಕ್ಕೆ ವರ್ಷ ಕಾಯ್ಬೇಕು, ಮುಚ್ಚಳ ಆಗಕ್ಕೆ ಒಂದ್ ಏಟು ಸಾಕು" ಎಂದು ನಗುತ್ತಿದ್ದರು.

ಮಂಡಿ ಬಿಟ್ಟರೂ ಮಂಡಿಯ ಚಾಳಿ ಬಿಟ್ಟಿರಲಿಲ್ಲ. ನಮ್ಮ ಕಡೆ ಬಲಿತ ಕಾಯಿಯನ್ನು ಅಟ್ಟದ ಮೇಲೆ ಹಾಕಿ ಒಳಗೊಳಗೇ ಒಣಗಲು ಬಿಡುತ್ತಾರೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಒಳಗಿನ ಉಂಡೆ ಗಡಗಡ ಎಂದರೆ ಕೊಬ್ಬರಿಯಾಯಿತು ಎಂದು ಲೆಕ್ಕ. ಯಜಮಾನರು ಎಲ್ಲವನ್ನೂ ಹಾಗೆ ಅಲ್ಲಾಡಿಸಿ ನೋಡುತ್ತಿದ್ದರು. ಹೊಸ ಟಾರ್ಚು, ರೇಡಿಯೋ, ಔಷಧಿಯ ಬಾಟಲಿ, ಮೊಳೆ ತುಂಬಿದ ಪೊಟ್ಟಣ. ನಾನು ಕೆಲಸ ಕೇಳಿಕೊಂಡು ಹೋಗಿ ನನ್ನ ಡಿಪ್ಲೊಮಾ ಸರ್ಟಿಫಿಕೇಟನ್ನು ಕೊಟ್ಟಾಗ ಅದನ್ನೂ ಕಿವಿಯ ಹತ್ತಿರ ಹಿಡಿದು ಒಂದು ಸಲ ಅಲ್ಲಾಡಿಸಿ ವಾಪಸು ಕೊಟ್ಟರು. ಏನೂ ಸದ್ದು ಬರಲಿಲ್ಲ. ಆಮೇಲಿನ ವರ್ಷಗಳಲ್ಲಿ ನನಗನ್ನಿಸಿದ್ದು, ಅದು ಸರಿಯಾದ ಪರೀಕ್ಷೆಯೇ.

ಸಂಬಳದ ಮಾತೂ ಮಂಡಿಯ ರೀತಿಯಲ್ಲೇ ಆಯಿತು. ಹಳೆಯ ವ್ಯಾಪಾರಿಗಳು ಬೆಲೆಯನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಟವಲಿನ ಮರೆಯಲ್ಲಿ ಎದುರಿನವನ ಬೆರಳುಗಳನ್ನು ಹಿಡಿದು ಒತ್ತಿದರೆ ಅದೇ ಬೆಲೆ. ನನಗೆ ಅದೆಲ್ಲ ಏನು ಗೊತ್ತು? ಯಜಮಾನರು ಹೆಗಲ ಟವಲನ್ನು ನನ್ನ ಕೈಯ ಮೇಲೆ ಹಾಕಿ, ಒಳಗೆ ಕೈ ತೂರಿಸಿ ಬೆರಳು ಒತ್ತಿದರು. ಪಾಪ, ದೊಡ್ಡವರು ಸಂಕೋಚದಿಂದ ಮರೆಯಲ್ಲಿ ಕೈ ಕುಲುಕುತ್ತಿದ್ದಾರೆ ಎಂದುಕೊಂಡು ನಾನು "ಥ್ಯಾಂಕ್ಯೂ ಸಾರ್" ಎಂದೆ. ವ್ಯಾಪಾರ ಮುಗಿಯಿತು. ಹೊರಗೆ ಬಂದಾಗ ಪ್ರೆಸ್ಸಿನ ರಂಗಪ್ಪ ಕೇಳಿದ, "ಎಷ್ಟ್ ಬೆರಳು ಹಿಡುದ್ರು?" ನಾನು ಎಣಿಸಿರಲಿಲ್ಲ. ಮೊದಲ ತಿಂಗಳು ಪೂರ್ತಿ ಸಂಬಳ ಎಷ್ಟೆಂದೇ ತಿಳಿಯದೆ ದುಡಿದೆ. ಮನೆಯಲ್ಲಿ ಅಪ್ಪ ಕೇಳಿದರೆ, "ನನ್ನ ಪ್ರತಿಭೆ ನೋಡಿ ತೀರ್ಮಾನ ಮಾಡ್ತಾರಂತೆ" ಎಂದು ಹೇಳಿದ್ದೆ.

ಟವಲಿನ ಕೆಳಗೆ ನನಗೆ ತಿಳಿದದ್ದು ಒಂದೇ, ಅವರ ಬಲಗೈಯಲ್ಲಿ ಎರಡು ಬೆರಳಿರಲಿಲ್ಲ. ಶೆಡ್ಡು ಶುರುವಾದ ಹೊಸದರಲ್ಲಿ ಪ್ರೆಸ್ಸು ತೆಗೆದುಕೊಂಡಿತ್ತು. ಪ್ರೆಸ್ಸಿನ ಕೆಲಸವೇ ಹಾಗೆ. ಕೆಳಗಿನ ಅಚ್ಚಿನ ಮೇಲೆ ತಗಡನ್ನು ಕೈಯಿಂದ ಇಡಬೇಕು, ಕೈ ತೆಗೆಯಬೇಕು, ಮೇಲಿನ ಅಚ್ಚು ಧಡ್ ಎಂದು ಬೀಳಬೇಕು. ಕೈ ತೆಗೆಯುವುದು ಒಂದು ಕ್ಷಣ ತಡವಾದರೆ ಮುಗಿಯಿತು. ಯಜಮಾನರು ಶೆಡ್ಡಿನಲ್ಲಿ ಎಲ್ಲೇ ನಿಂತಿರಲಿ, ಯಾರೊಂದಿಗೇ ಮಾತಾಡುತ್ತಿರಲಿ, ಪ್ರೆಸ್ಸು ಬಿದ್ದಾಗಲೆಲ್ಲ ಕಣ್ಣು ಮುಚ್ಚಿ ತೆರೆಯುತ್ತಿದ್ದರು. ಹೊಸಬರು ಅದನ್ನು ನರದ ದೌರ್ಬಲ್ಯ ಎಂದುಕೊಳ್ಳುತ್ತಿದ್ದರು. ನಾನು ಕೂಡ ಅವರಿಗೆ ಒಳ್ಳೆಯ ಕಣ್ಣಿನ ಡಾಕ್ಟರ ವಿಳಾಸ ಕೊಟ್ಟಿದ್ದೆ.

ನಾನು ಶೆಡ್ಡಿನಲ್ಲಿ ಮಾಡುತ್ತಿದ್ದ ಮುಖ್ಯ ಕೆಲಸ ಭಾಷಣ. ಬೆಂಗಳೂರಿನ ವಸ್ತುಪ್ರದರ್ಶನದಲ್ಲಿ ಗಾಜಿನ ಆಚೆ ಒಂದು ರೋಬೋಟು ತಾನೇ ತಾನಾಗಿ ಬಾಗಿ, ಎದ್ದು, ಬೆಸುಗೆ ಹಾಕುತ್ತಿದ್ದುದನ್ನು ನೋಡಿ ಬಂದ ಮೇಲಂತೂ ನನ್ನನ್ನು ಹಿಡಿಯುವವರಿರಲಿಲ್ಲ. ಜಪಾನಿನವರು ಪೆಟ್ರೋಲಿನ ಬೆಲೆ ಏರಿದಾಗ ಹೇಗೆ ಬದುಕಿಕೊಂಡರು, ಬೇಡಿಕೆ ಬದಲಾದ ಹಾಗೆ ರೋಬೋಟಿಗೆ ಬೇರೆ ಕೆಲಸ ಹೇಳಿಕೊಟ್ಟು ಕಾರ್ಖಾನೆ ಹೇಗೆ ಉಳಿಸಿಕೊಂಡರು ಎಂದೆಲ್ಲ ಗ್ರಂಥಾಲಯದಲ್ಲಿ ಓದಿದ್ದನ್ನು ಬಿಚ್ಚುತ್ತಿದ್ದೆ. ಯಜಮಾನರು ಎಲೆಯಡಿಕೆ ಅಗಿಯುತ್ತಾ ಪೂರ್ತಿ ಕೇಳಿ ಒಂದೇ ಪ್ರಶ್ನೆ ಹಾಕುತ್ತಿದ್ದರು:

"ಅಚ್ಚಿನ್ ಕೆಳಗೆ ಕೈ ಇಡೋದು ಯಾರಪ್ಪ, ಅದಾ, ಜನವಾ?"

"ಅದೇ ಸಾರ್."

"ಹಂಗಾರೆ ಒಳ್ಳೇದು ಬುಡು" ಎಂದು ಎದ್ದುಹೋಗುತ್ತಿದ್ದರು.

ಎಂಬತ್ತರ ದಶಕದ ನಡುವಿನ ಒಂದು ವರ್ಷ ಎಲ್ಲವೂ ಒಟ್ಟಿಗೆ ಕೈಕೊಟ್ಟವು. ನಮ್ಮ ಮುಚ್ಚಳಗಳನ್ನು ಕೊಳ್ಳುತ್ತಿದ್ದ ಬೆಂಗಳೂರಿನ ಬಣ್ಣದ ಕಂಪನಿ ಮುಷ್ಕರವಾಗಿ ಬಾಗಿಲು ಹಾಕಿತು. ತಗಡಿನ ಬೆಲೆ ಏರಿತು. ಮಳೆಯಿಲ್ಲದೆ ಅಣೆಕಟ್ಟು ಬತ್ತಿ ಕರೆಂಟಿಗೆ ಕತ್ತರಿ ಬಿತ್ತು. ತ್ರೀ ಫೇಸು ಯಾವಾಗ ಬರುತ್ತದೋ ಯಾವಾಗ ಹೋಗುತ್ತದೋ ದೇವರಿಗೇ ಗೊತ್ತು. ಬಂದಾಗ ಕೆಲಸದವರು ಇರುತ್ತಿರಲಿಲ್ಲ, ಕೆಲಸದವರು ಕಾದು ಕೂತಾಗ ಅದು ಬರುತ್ತಿರಲಿಲ್ಲ. ಇದರ ಮೇಲೆ ಕೊಬ್ಬರಿಯ ಬೆಲೆಯೂ ಕುಸಿಯಿತು. ಮಾರಲು ಮನಸ್ಸಿಲ್ಲದೆ ಮಂಡಿಯವರೆಲ್ಲ ಕಾಯಿ ಕೂಡಿಡತೊಡಗಿದರು. ಯಜಮಾನರ ಅಣ್ಣನ ಅಟ್ಟಗಳೆಲ್ಲ ತುಂಬಿದವು. ಶೆಡ್ಡು ಇದ್ದದ್ದು ಅಣ್ಣನ ಹೆಸರಿನಲ್ಲಿ. ಒಂದು ದಿನ ಬಂದು ಬಾಗಿಲಲ್ಲೇ ನಿಂತು ಹೇಳಿದರು:

"ದೀಪಾವಳಿಗಂಟ ನೋಡ್ತೀನಿ ಕಣ್ಲಾ. ಆಮೇಲೂ ಹಿಂಗೇ ಕೈ ಕಟ್ಕೊಂಡ್ ಕೂತಿದ್ರೆ ಖಾಲಿ ಮಾಡು. ಅಟ್ಟ ಕಟ್ಟಿ ಕಾಯಿ ಹಾಕ್ತೀನಿ."

ಯಜಮಾನರು ಅಣ್ಣನ ಎದುರು ತಲೆ ಎತ್ತಿದವರಲ್ಲ. "ಆಗ್ಲಿ ಕಣಣ್ಣ" ಎಂದರು. ಶೆಡ್ಡಿನಲ್ಲಿದ್ದ ರಂಗಪ್ಪ, ಸಣ್ಣಮ್ಮ, ಉಳಿದವರೆಲ್ಲ ಅದನ್ನು ಕೇಳಿಸಿಕೊಂಡರು. ಅವರಲ್ಲಿ ಯಾರಿಗೂ ಒಂದು ತೆಂಗಿನ ಮರವೂ ಸ್ವಂತದ್ದಿರಲಿಲ್ಲ. ಶೆಡ್ಡು ಹೋದರೆ ಅವರ ಮನೆಯ ಒಲೆಗಳೂ ಹೋದ ಹಾಗೇ.

ಅಣ್ಣ ಹೋದ ಮೇಲೆ ಯಜಮಾನರು ನನ್ನ ಕಡೆ ತಿರುಗಿ, "ಏನಪ್ಪ ಇಂಜಿನೀರೂ, ಇಷ್ಟ್ ದಿನ ಮಾತಾಡ್ದಲ್ಲ, ಈಗ ಮಾಡು" ಎಂದರು. ಭಾಷಣ ಮಾಡುವವನಿಗೆ ಯಾರಾದರೂ ಹಾಗೆಲ್ಲ ಹೇಳುತ್ತಾರೆಯೇ?

ಅಂತೂ ಮಾಡಿದೆ. ಗುಜರಿಗೆ ಬಿದ್ದ ಲಾರಿಯ ಏರ್ ಬ್ರೇಕಿನ ಸಿಲಿಂಡರು, ಪಂಕ್ಚರ್ ಅಂಗಡಿಯವನ ಹಳೆಯ ಕಂಪ್ರೆಸರ್, ತಾಮ್ರದ ತಂತಿ ಸುತ್ತಿ ಮಾಡಿದ ಆಯಸ್ಕಾಂತ. ಒಂದು ಮರದ ಉರುಳೆ, ಅದರ ಮೇಲೆ ಗೂಟಗಳು. ಉರುಳೆ ತಿರುಗಿದಂತೆ ಒಂದೊಂದು ಗೂಟವೂ ಒಂದೊಂದು ಕೆಲಸವನ್ನು ನೆನಪಿಸುತ್ತಿತ್ತು: ಬಾಗು, ತಗಡು ಎತ್ತು, ಅಚ್ಚಿನ ಮೇಲಿಡು, ಹಿಂದೆ ಸರಿ. ಗೂಟಗಳನ್ನು ಬೇರೆ ತೂತಿಗೆ ಹಾಕಿದರೆ ಬೇರೆ ಕೆಲಸ. ನೋಡಲು ಅದು ಊಟಕ್ಕೆ ಕೂತು ಬಡಿಸುವವರನ್ನು ಕಾಯುತ್ತಿರುವ ಮುದುಕನ ಕೈಯಂತಿತ್ತು. ನಾನು ಅದರ ಮೈಮೇಲೆ ಕೆಂಪು ಬಣ್ಣದಲ್ಲಿ, ಇಂಗ್ಲಿಷಿನಲ್ಲಿ, ನನ್ನ ಇನಿಷಿಯಲ್ಲು ಬರೆದೆ. ಕೈ ಇನ್ನೂ ಒಂದು ತಗಡನ್ನೂ ಎತ್ತಿರಲಿಲ್ಲ.

ಆಯುಧಪೂಜೆಯ ದಿನ ಅದರ ಪ್ರಾರಂಭೋತ್ಸವ. ಬೆಳಿಗ್ಗೆಯಿಂದ ಕರೆಂಟಿಲ್ಲ. ಕರೆಂಟಿಲ್ಲದಿದ್ದರೂ ಪೂಜೆಗೇನು ಅಡ್ಡಿ ಎಂದು ಪ್ರೆಸ್ಸಿಗೆ ಬೂದುಗುಂಬಳಕಾಯಿ ಒಡೆದು, ಕೈಗೆ ಸೇವಂತಿಗೆ ಹಾರ ಹಾಕಿ ಕಂಕಣ ಕಟ್ಟಿದರು. ಸಣ್ಣಮ್ಮ ಅರಿಶಿನ ಕುಂಕುಮದ ತಗಡಿನ ತಟ್ಟೆಯನ್ನು ಎಲ್ಲಿಡುವುದೆಂದು ಸುತ್ತ ನೋಡಿ, ಮಟ್ಟಸವಾಗಿ ಕಂಡ ಜಾಗದಲ್ಲಿ ಇಟ್ಟಳು. ಅದು ಪ್ರೆಸ್ಸಿಗೆ ಹಾಕುವ ತಗಡನ್ನು ಪೇರಿಸಿಡುವ ಜಾಗ. ಸ್ವಿಚ್ಚು ಆಫ್ ಮಾಡಬೇಕು ಎನ್ನುವುದು ಇಂಜಿನಿಯರಿಗೆ ಹೊಳೆದಿರಲಿಲ್ಲ. ಎಲ್ಲರೂ ಕಣ್ಣು ಮುಚ್ಚಿ ಕೈ ಮುಗಿದಿದ್ದಾಗ ಕರೆಂಟು ಬಂತು.

ಕೈ ಸದ್ದಿಲ್ಲದೆ ಬಾಗಿ, ತಟ್ಟೆಯನ್ನು ಎತ್ತಿ, ಅಚ್ಚಿನ ಮೇಲಿಟ್ಟು, ವಿನಯದಿಂದ ಹಿಂದೆ ಸರಿಯಿತು. ಧಡ್! ಶೆಡ್ಡಿನ ತುಂಬ ಕುಂಕುಮ. ನಾವು ಕಣ್ಣು ಬಿಟ್ಟಾಗ ಒಬ್ಬರ ಮುಖ ಒಬ್ಬರಿಗೆ ಗುರುತು ಸಿಗದಷ್ಟು ಕೆಂಪಾಗಿದ್ದೆವು. ಪೂಜೆಯ ತಟ್ಟೆಯ ನಡುವೆ ಗುಂಡಗೆ ತೂತು. ಸಣ್ಣಮ್ಮ "ಅಯ್ಯೋ ಶಿವನೇ" ಎಂದು ಕೂತುಬಿಟ್ಟಳು. ನಾನು ಬಾಗಿಲು ಎಷ್ಟು ದೂರ ಎಂದು ಲೆಕ್ಕ ಹಾಕಿದೆ. ಯಜಮಾನರು ಕೆಳಗೆ ಬಿದ್ದ ಮುಚ್ಚಳವನ್ನು ಎತ್ತಿಕೊಂಡು, ಅಂಚಿನ ಮೇಲೆ ಬೆರಳಾಡಿಸಿ ನೋಡಿದರು.

"ಅಂಚು ಚೆನ್ನಾಗ್ ಬಂದೈತೆ ಕಣಪ್ಪ. ದೇವ್ರಿಗೂ ಒಂದ್ ಮುಚ್ಚಳ ಬೇಕಾಗಿತ್ತೇನೋ."

ಆಗ ನನಗೆ ಕಂಡಿತು. ಪ್ರೆಸ್ಸು ಮತ್ತೆ ಮತ್ತೆ ಬೀಳುತ್ತಿತ್ತು, ಅವರು ಕಣ್ಣು ಮುಚ್ಚುತ್ತಿರಲಿಲ್ಲ.

ಸಂಭ್ರಮ ಹೆಚ್ಚು ಹೊತ್ತು ಉಳಿಯಲಿಲ್ಲ. ಮುಖ ತೊಳೆದುಕೊಂಡು ಬಂದ ಸಣ್ಣಮ್ಮ ಕೈಯನ್ನೇ ನೋಡುತ್ತಾ ಕೇಳಿದಳು, "ಇದು ಇಷ್ಟ್ ಚೆನ್ನಾಗ್ ಮಾಡ್ತದಲ್ಲ ಯಜಮಾನ್ರೇ, ನಮ್ಮನ್ನ ಯಾವತ್ತಿಂದ ಬರಬ್ಯಾಡಿ ಅಂತೀರಾ?"

ನಾನು ಜಪಾನಿನ ಉದಾಹರಣೆ ಕೊಡಲು ಬಾಯಿ ತೆರೆದೆ. ಯಜಮಾನರು ಕೈಸನ್ನೆಯಲ್ಲೇ ಮುಚ್ಚಿಸಿದರು.

"ನೀನು ರಾಗಿ ಕೊಯ್ಲಿಗೆ ಮುಯ್ಯಾಳು ಹೋಗಿದ್ದೀಯೇನವ್ವ?"

"ಹೋಗ್ದೆ ಏನು, ಹೋಗಿವ್ನಿ."

"ನೀನು ಅವ್ರ ಹೊಲಕ್ಕೆ ಹೋದ್ರೆ ಅವ್ರು ನಿನ್ ಹೊಲಕ್ಕೆ ಬತ್ತಾರೆ. ಮುಯ್ಯಾಳು ಬಂದ ಅಂತ ಯಾರಾದ್ರೂ ಮನೆ ಮಕ್ಳಿಗೆ ಉಣ್ಣಕ್ಕಿಕ್ಕದು ನಿಲ್ಲಿಸ್ತಾರಾ? ಇದೂ ಅಷ್ಟೇ. ಮುಯ್ಯಾಳು."

ಅದನ್ನು ಸಮಾಧಾನದ ಮಾತು ಎಂದುಕೊಂಡೆ. ಅವರು ಅಕ್ಷರಶಃ ಹೇಳಿದ್ದರೆಂದು ತಿಳಿದದ್ದು ನಾಲ್ಕು ದಿನ ಬಿಟ್ಟು. ತುರುವೇಕೆರೆಯಲ್ಲಿ ನಮ್ಮಂಥದೇ ಒಂದು ವರ್ಕ್‌ಶಾಪು ಇತ್ತು. ಕರೆಂಟಿಲ್ಲದ ಕಾಲಕ್ಕೆ ಊರೂರಿಗೂ ಲಾಂದ್ರ ಬೇಕಾಗಿ, ಬತ್ತಿಯ ಮೇಲೆ ಕೂರುವ ತಗಡಿನ ಟೋಪಿಗೆ ಅವರಿಗೆ ದೊಡ್ಡ ಆರ್ಡರು ಬಂದಿತ್ತು. ಆದರೆ ಕರೆಂಟು ಕಾದು ಸಾಕಾಗಿ ಅವರ ಕೆಲಸದವರು ಚದುರಿಹೋಗಿದ್ದರು. ನಮ್ಮಲ್ಲಿ ಕೈ ಇತ್ತು, ಕೆಲಸವಿರಲಿಲ್ಲ. ಯಜಮಾನರು ಹೋಗಿ ಮಾತಾಡಿ ಬಂದು, "ನಾಳೆ ಕೈನ ತುರುವೇಕೆರೆಗೆ ಮುಯ್ಯಾಳು ಕಳಿಸ್ತಾ ಇದ್ದೀನಿ" ಎಂದರು.

ನಾನು ಹಾರಾಡಿದೆ. ಇದು ನನ್ನ ಆವಿಷ್ಕಾರ, ವ್ಯಾಪಾರದ ಗುಟ್ಟು, ಎದುರಾಳಿಯ ಶೆಡ್ಡಿಗೆ ಕಳಿಸುವುದುಂಟೇ, ಜಪಾನಿನಲ್ಲಿ ಯಾರಾದರೂ ಹೀಗೆ ಮಾಡುತ್ತಾರೆಯೇ ಎಂದೆ.

"ಜಪಾನ್ನಾಗೆ ಮುಯ್ಯಾಳು ಇಲ್ವೇನೋ, ಪಾಪ" ಎಂದರು.

ಮಾರನೆಯ ದಿನ ಕೈಯನ್ನು ಕಂಬಳಿಯಲ್ಲಿ ಸುತ್ತಿ ಮೆಟಡೋರಿನಲ್ಲಿ ಮಲಗಿಸಿದರು. ಅದರ ಜೊತೆಗಾರನಾಗಿ ನಾನು. ಮುಂದಿನ ಸೀಟಿನಲ್ಲಿ ಗೂಟದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಬಸುರಿ ಮಗಳನ್ನು ಕರೆದೊಯ್ಯುವ ತಾಯಿಯಂತೆ ಪ್ರತಿ ಗುಂಡಿಗೂ ಡ್ರೈವರನಿಗೆ "ನಿಧಾನ, ನಿಧಾನ" ಎನ್ನುತ್ತಾ ಹೋದೆ. ಅಲ್ಲಿ ಗೂಟಗಳ ಜಾಗ ಬದಲಿಸಿ ಕೂರಿಸಿದೆವು. ಕರೆಂಟು ಯಾವ ಹೊತ್ತಿಗೆ ಬಂದರೂ ಕೈ ಎದ್ದು ದುಡಿಯಿತು. ಮಧ್ಯಾಹ್ನ ವರ್ಕ್‌ಶಾಪಿನವರ ಮನೆಯಾಕೆ ಊಟಕ್ಕೆ ಕರೆದರು. ಹೋಗಿ ನೋಡಿದರೆ ಎರಡು ಎಲೆ.

"ಇನ್ಯಾರು ಬರಬೇಕು ತಾಯಿ?"

"ಇನ್ನೊಂದು ಅದಕ್ಕೆ ಕಣಪ್ಪ. ಮುಯ್ಯಾಳ್ನ ಉಣ್ಣಕ್ಕಿಕ್ಕದೆ ಗೇಯಿಸಿಕೊಂಡ್ರೆ ಚೆಂದವಾ? ಅದು ಉಣ್ಣಕಿಲ್ಲ ಅಂತ ನಂಗೂ ಗೊತ್ತು. ಅದ್ರ ಪಾಲೂ ನೀನೇ ಉಣ್ಣು."

ಇದ್ದಷ್ಟು ದಿನವೂ ರೋಬೋಟಿನ ಪಾಲಿನ ಮುದ್ದೆಯನ್ನೂ ನಾನೇ ನುಂಗಿದೆ. ಕಾರ್ಖಾನೆಗಳಿಗೆ ಯಂತ್ರಗಳಿಂದ ಆಗುವ ಲಾಭದ ಬಗ್ಗೆ ನಾನು ಸ್ವಂತ ಅನುಭವದಿಂದ ಹೇಳಬಹುದಾದದ್ದು ಇದೊಂದೇ. ಕೈ ತಿಪಟೂರಿಗೆ ವಾಪಸು ಬಂದಾಗ ಅದರ ಮೇಲೆ ನನ್ನ ಇನಿಷಿಯಲ್ಲು ಇರಲಿಲ್ಲ. ದೃಷ್ಟಿಯಾದೀತೆಂದು ಆ ತಾಯಿ ಅದೇ ಜಾಗಕ್ಕೆ ಸುಣ್ಣ ಬಳಿದು, ಮೆಣಸಿನಕಾಯಿ ನಿಂಬೆಹಣ್ಣು ಕಟ್ಟಿದ್ದರು.

ಮುಯ್ಯಿ ತೀರಿತು. ತುರುವೇಕೆರೆಯವರು ಲಾಂದ್ರದ ಆರ್ಡರಿನಲ್ಲಿ ಅರ್ಧವನ್ನು ನಮಗೆ ಬಿಟ್ಟುಕೊಟ್ಟರು. ಕೈ ಟೋಪಿ ಒತ್ತುತ್ತಿತ್ತು, ರಂಗಪ್ಪ ಮತ್ತು ಉಳಿದವರು ಅಂಚು ಮಡಿಸಿ ಕೊಂಡಿ ಹಾಕುತ್ತಿದ್ದರು, ಗೂಟ ಬದಲಿಸುವುದು ಸಣ್ಣಮ್ಮನ ಪಾಲಿಗೆ ಬಂತು. ಶೆಡ್ಡಿನಲ್ಲಿ ಮತ್ತೆ ಸದ್ದು ಕೇಳಿಸತೊಡಗಿತು. ನಾನಂತೂ ಪೇಟೆಯಲ್ಲಿ ಎದೆಯುಬ್ಬಿಸಿ ನಡೆಯುತ್ತಿದ್ದೆ. ಹೋಟೆಲಿನಲ್ಲಿ ಕಾಫಿ ಕುಡಿಯುವಾಗ, ಕೇಳದವರಿಗೂ, ಶೆಡ್ಡನ್ನು ಉಳಿಸಿದ್ದು ರೋಬೋಟು ಎಂದು ಹೇಳುತ್ತಿದ್ದೆ. ರೋಬೋಟನ್ನು ಮಾಡಿದ್ದು ಯಾರೆಂದು ಅವರು ಕೇಳಲಿ ಎಂದು ಕಾಯುತ್ತಿದ್ದೆ.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಅಣ್ಣ ಬಂದರು. ಅವರ ಹಿಂದೆ ಟ್ರ್ಯಾಕ್ಟರುಗಳ ತುಂಬ ಕಾಯಿ. ನಾನು ಫೋಟೋಕ್ಕೆ ನಿಲ್ಲುವವನ ಹಾಗೆ ಕೈಯ ಪಕ್ಕ ಹೋಗಿ ನಿಂತೆ. ಅವರು ನನ್ನ ಕಡೆಗಾಗಲಿ ಕೈಯ ಕಡೆಗಾಗಲಿ ನೋಡಲಿಲ್ಲ.

"ನೀನ್ ಮಾತ್ ಕೊಟ್ಟಿದ್ದೆ ಕಣ್ಲಾ."

"ಕೆಲ್ಸ ಬಂದೈತೆ ಕಣಣ್ಣ. ಯುಗಾದಿಗಂಟ ಐತೆ" ಎಂದರು ಯಜಮಾನರು. "ಈಗ ಬುಟ್ಟುಕೊಡಕ್ಕಾಗಕಿಲ್ಲ."

ಅಣ್ಣ ಕೆಟ್ಟವರಲ್ಲ. ಅವರ ಕಣ್ಣಲ್ಲೂ ನಿದ್ದೆ ಇರಲಿಲ್ಲ. "ನಿನ್ ಕೆಲ್ಸ ಆಯ್ತು, ನನ್ ಕಾಯಿ? ರೇಟ್ ಬಿದ್ದೋಗೈತೆ. ಈಗ ಮಾರುದ್ರೆ ನಾನು ಎದ್ದೇಳಕಿಲ್ಲ. ಇಡಕ್ಕೆ ಗೇಣು ಜಾಗ ಇಲ್ಲ. ಬೀದೀಲಿ ಸುರೀಲಾ?"

ಸಣ್ಣಮ್ಮ ಸೆರಗಿನಲ್ಲಿ ಕೈ ಒರೆಸುತ್ತಾ ನಿಂತಿದ್ದಳು. ಕೈಯೊಂದು ಮಾತ್ರ ಏನೂ ತಿಳಿಯದೆ ಬಾಗಿ ಏಳುತ್ತಿತ್ತು. ಯಜಮಾನರು ಹೊರಗೆ ಹೋಗಿ ಮುಂದಿನ ಟ್ರ್ಯಾಕ್ಟರಿನವನಿಗೆ ಹೇಳಿದರು:

"ತಿರುಗ್ಸಪ್ಪ. ನಡಿ, ಜಾಗ ತೋರಿಸ್ತೀನಿ."

ಎಲ್ಲಿಗೆ ಎಂದು ನಾನು ಕೇಳಲೂ ಇಲ್ಲ. ಎರಡನೆಯ ಕೈ ಮಾಡುವ ಯೋಚನೆ ತಲೆಯಲ್ಲಿ ಕುಣಿಯುತ್ತಿತ್ತು. ಒಂದು ವಾರ ಕೂತು ನಕ್ಷೆ ಬರೆದೆ. ಭಾನುವಾರ ಬೆಳಿಗ್ಗೆ, ಮೈ ಕೊರೆಯುವ ಚಳಿಯಲ್ಲಿ, ಅದನ್ನು ಸುರುಳಿ ಸುತ್ತಿಕೊಂಡು ಅವರ ಮನೆಗೆ ಹೋದೆ. ಬಾಗಿಲಲ್ಲಿ ಅಕ್ಕನವರು, ಅಂದರೆ ಯಜಮಾನರ ಹೆಂಡತಿ, ಒಂದು ಪಕ್ಕಕ್ಕೆ ಓರೆಯಾಗಿ ನಿಂತಿದ್ದರು. ನೇರ ನಿಲ್ಲಲು ಜಾಗವಿರಲಿಲ್ಲ. ನಡುಮನೆ, ಕೋಣೆ, ಒಳಗಿನ ಹಜಾರ, ಎಲ್ಲೆಲ್ಲೂ ನೆಲದಿಂದ ಜಂತೆಯವರೆಗೆ ಕಾಯಿ. ನಡುವೆ ಅಡುಗೆಮನೆಗೆ ಹೋಗಲು ಒಬ್ಬರು ನುಸುಳುವಷ್ಟು ಓಣಿ.

"ಒಳಗೆ ಬಾ ಅನ್ನಕ್ಕೆ ಒಳಗೇ ಇಲ್ಲ ಕಣಪ್ಪ" ಎಂದು ನಗಲು ನೋಡಿದರು. "ನಾನು ಒಲೆ ಮುಂದೆ ಬಿದ್ಕೊತೀನಿ. ಅವ್ರು ಅಲ್ಲವ್ರೆ, ನೋಡು."

ಜಗುಲಿಯ ಮೂಲೆಯಲ್ಲಿ ಚಾಪೆ, ಅದರ ಮೇಲೆ ಕಂಬಳಿ ಹೊದ್ದು ಯಜಮಾನರು ಕೂತಿದ್ದರು. ಮೂಗು ಸುರಿಯುತ್ತಿತ್ತು. ಕಾಯಿ ಕೊಬ್ಬರಿಯಾಗಲು ವರ್ಷ ಬೇಕೆಂದು ಗೊತ್ತಿಲ್ಲದ ಮಗುವೂ ನಮ್ಮ ಸೀಮೆಯಲ್ಲಿಲ್ಲ. ನನಗೆ ಕಣ್ಣು ತುಂಬಿ ಬಂತು, ನಾಚಿಕೆಯಾಯಿತು. ಕಂಕುಳಲ್ಲಿದ್ದ ಸುರುಳಿಯನ್ನು ಬೆನ್ನ ಹಿಂದೆ ಮಾಡಿಕೊಂಡೆ.

"ಅದೇನಪ್ಪ ಬಚ್ಚಿಡ್ತಾ ಇದ್ದೀಯ?"

"ಏನಿಲ್ಲ ಯಜಮಾನ್ರೇ. ಇನ್ನೊಂದು ಕೈ ಮಾಡೋಣ ಅಂತ..."

ಅವರು ಚಾಪೆಯ ಮೇಲೆ ಸರಿದು ನನಗೆ ಜಾಗ ಮಾಡಿಕೊಟ್ಟರು. ನಕ್ಷೆಯನ್ನು ತೊಡೆಯ ಮೇಲೆ ಬಿಡಿಸಿಕೊಂಡು ಬಹಳ ಹೊತ್ತು ನೋಡಿದರು.

"ಇದು ಬಂದ್ರೆ ಶೆಡ್ನಿಂದ ಯಾರಾದ್ರೂ ಆಚೆ ಹೋಗ್ಬೇಕಾ?"

"ಇಲ್ಲ ಯಜಮಾನ್ರೇ. ಯಾರೂ ಹೋಗೋದು ಬೇಡ."

"ಹಂಗಾರೆ ಮಾಡು" ಎಂದು ಕಂಬಳಿಯನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡರು. "ಆಚೆ ಇರಕ್ಕೆ ನಾನೊಬ್ಬ ಸಾಕು."